ಉಡುಪಿ ಹೋಟೆಲುಗಳೂ ಮೂರು ಬಿಕ್ಕಟ್ಟುಗಳೂ

೧

ಕರ್ಣಾಟಕದ ಆರ್ಥಿಕ ಚರಿತ್ರೆಯ ವಿಷಯವಾಗಿ ಬರೆದವರು ಕೋಲಾರದ ಚಿನ್ನದ ಗಣಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮಂಗಳೂರಿನ ಹಂಚು, ಕೊಡಗಿನ ಕಾಫಿ ಮೊದಲಾದವುಗಳನ್ನು ಕುರಿತು ವಿಸ್ತಾರವಾಗಿ ವಿವೇಚಿಸಿರುವರು. ಇವೆಲ್ಲ ದೊಡ್ಡ ಬಂಡವಾಳದ ಉದ್ಯಮಗಳು. ಸರ್ಕಾರದ ಕಡತಗಳಲ್ಲಿಯೂ ಕಂಪೆನಿಗಳ ವರದಿಗಳಲ್ಲಿಯೂ ಇವುಗಳ ಲೆಕ್ಕ ದೊರೆಯುತ್ತದೆ. ಸಣ್ಣ ಬಂಡವಾಳದ ವ್ಯಾಪಾರಿಯ ಸ್ಥಿತಿ ಬೇರೆ. ಅವನ ಲೆಕ್ಕದ ಪುಸ್ತಕ ಬಹುಮಟ್ಟಿಗೆ ಅವನೊಡನೆಯೇ ಮುಗಿಯುತ್ತದೆ. ಹೀಗಾಗಿ, ಕನ್ನಡನಾಡಿನ ಒಂದು ಊರಿನ ಹೆಸರನ್ನು ಭಾರತದ ಪಟ್ಟಣ ಪಟ್ಟಣಗಳ ಹಲಗೆಗಳ ಮೇಲೆ ಏರಿಸಿದ ಉದ್ಯಮವಾಗಿದ್ದರೂ ಉಡುಪಿ ಹೋಟೆಲು ಚರಿತ್ರಕಾರನ ಗಮನಕ್ಕೆ ಬಂದದ್ದು ಕಡಿಮೆ. ಬಂದಾಗಲೂ ಅದು ರುಚಿಯ ವರ್ಣನೆಗೋ ಮಾಲಿಕರ ಸಾಹಸದ ಪ್ರಶಂಸೆಗೋ ವಸ್ತುವಾಗಿದೆಯೇ ಹೊರತು ವಿಚಾರಕ್ಕೆ ವಸ್ತುವಾದದ್ದು ಅಪರೂಪ.

ಪ್ರಸ್ತುತ ಲೇಖನದಲ್ಲಿ ನಾವು ಕೇಳಿಕೊಳ್ಳುವ ಪ್ರಶ್ನೆ ಸರಳವಾದುದು. ಧಾನ್ಯ ದೊರೆಯದೆ ಹೋದಾಗ, ಕಾನೂನು ಬದಲಾದಾಗ, ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿದಾಗ, ತಿನ್ನುವವರ ಅಭ್ಯಾಸವೇ ಮಾರ್ಪಟ್ಟಾಗ, ಈ ಸಣ್ಣ ಉದ್ಯಮ ಹೇಗೆ ಉಳಿಯಿತು? ಮಾಲಿಕನ ಜಾಣತನದಿಂದ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಜಾಣತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಸಾಲದ ಉತ್ತರವೆಂದು ನಮ್ಮ ಅಭಿಪ್ರಾಯ. ಪ್ರತಿಯೊಂದು ಬಿಕ್ಕಟ್ಟಿನಲ್ಲಿಯೂ ಹೋಟೆಲು ತನಗೆ ಪ್ರಾಣವೆಂದು ಎಣಿಸಿದ್ದ ಒಂದಂಶವನ್ನು ಬಿಟ್ಟುಕೊಟ್ಟಿತು. ಹೀಗೆ ಬಿಡುವಾಗ ಕಂಡುಕೊಂಡ ಉಪಾಯವೇ ಮುಂದಿನ ಬಿಕ್ಕಟ್ಟಿಗೆ ಮೂಲಧನವಾಯಿತು. ಹೋಟೆಲು ಏನನ್ನು ಬಿಟ್ಟಿತು, ಏನನ್ನು ಉಳಿಸಿಕೊಂಡಿತು, ಬಿಟ್ಟುದರ ಭಾರ ಯಾರ ಮೇಲೆ ಬಿದ್ದಿತು ಎಂಬ ಮೂರು ಅಂಶಗಳನ್ನು ಮುಖ್ಯವಾಗಿ ಬೆಂಗಳೂರಿನ ನಿದರ್ಶನಗಳಿಂದಲೂ, ಅವಶ್ಯವಿದ್ದೆಡೆ ಮದರಾಸು ಮುಂಬಯಿಗಳ ನಿದರ್ಶನಗಳಿಂದಲೂ ಮುಂದೆ ಪರಿಶೀಲಿಸೋಣ.

೨

ಉಡುಪಿಯ ಶ್ರೀಕೃಷ್ಣ ಮಠ ಮತ್ತು ಅಷ್ಟಮಠಗಳ ಪರಿಸರದಲ್ಲಿ ಅನ್ನಸಂತರ್ಪಣೆ ಒಂದು ವ್ಯವಸ್ಥಿತ ವಿದ್ಯೆಯಾಗಿ ಬೆಳೆದಿತ್ತು. ನೂರಾರು ಜನರಿಗೆ ಒಂದೇ ಹದದಲ್ಲಿ, ಒಂದೇ ಹೊತ್ತಿಗೆ ಅಡುಗೆ ಮಾಡಿ ಬಡಿಸುವ ಕ್ರಮ, ಕಟ್ಟಿಗೆ ನೀರು ಪಾತ್ರೆಗಳ ನಿರ್ವಹಣೆ, ಕೆಲಸದ ವಿಭಾಗ ಇವು ಅಲ್ಲಿಯ ಅಡಿಗೆಯವರಿಗೆ ಪರಂಪರೆಯಿಂದ ಬಂದ ಸಂಪತ್ತು. ಆದರೆ ಈ ಸಂಪತ್ತಿಗೆ ಊರಿನಲ್ಲಿ ಮಾರುಕಟ್ಟೆ ಇರಲಿಲ್ಲ. ಭೂಮಿ ಕಡಿಮೆ, ಸಂಸಾರ ದೊಡ್ಡದು. ಇದರ ಮೇಲೆ ೧೯೨೩ರ ಮಹಾಪ್ರವಾಹ ಕರಾವಳಿಯ ಬದುಕನ್ನು ಕಂಗೆಡಿಸಿತು. ದಕ್ಷಿಣ ಕನ್ನಡ ಜಿಲ್ಲೆ ೧೯೫೬ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಅಲ್ಲಿಯವರಿಗೆ ಮದರಾಸು ರಾಜಧಾನಿಯೂ ಆಗಿತ್ತು, ಉದ್ಯೋಗದ ಊರೂ ಆಗಿತ್ತು. ಘಟ್ಟ ಹತ್ತಿದವರಿಗೆ ಬೆಂಗಳೂರು, ಕಡಲ ದಾರಿ ಹಿಡಿದವರಿಗೆ ಮುಂಬಯಿ ಹೀಗೆಯೇ ತೆರೆದುಕೊಂಡವು.

ಉಡುಪಿಯ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಒಂದು ಸಣ್ಣ ಉಪಾಹಾರಗೃಹವನ್ನು ತೆರೆದರು. ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಉಡುಪಿಯ ಕಡೆಯವರೇ ಆದ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡಿಗೆಮನೆಯ ಚಿಲ್ಲರೆ ಕೆಲಸದಿಂದ ಆರಂಭಿಸಿ ೧೯೩೮ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸುವ ಮಟ್ಟಕ್ಕೆ ಏರಿದರು. ಇವರ ಗಿರಾಕಿಗಳು ಯಾರೆಂಬುದನ್ನು ಗಮನಿಸಬೇಕು. ಕಚೇರಿಯ ಗುಮಾಸ್ತ, ಕೋರ್ಟಿನ ವಕೀಲ, ಊರು ಬಿಟ್ಟು ಬಂದ ವಿದ್ಯಾರ್ಥಿ ಇವರೆಲ್ಲ ಮನೆಯ ಹೊರಗೆ ತಿನ್ನುವುದನ್ನು ಆಗತಾನೇ ಕಲಿಯುತ್ತಿದ್ದರು. ಅಪರಿಚಿತನ ಕೈಯಡುಗೆಯನ್ನು ತಿನ್ನುವ ಅಳುಕು ಅವರಿಗಿತ್ತು. ‘ಬ್ರಾಹ್ಮಣ’ ಎಂಬ ಪದ ಹಲಗೆಯ ಮೇಲೆ ಕಾಣಿಸಿಕೊಂಡದ್ದು ಧರ್ಮಪ್ರಚಾರಕ್ಕಲ್ಲ. ಆ ಅಳುಕನ್ನು ಪರಿಹರಿಸುವ ವ್ಯಾಪಾರದ ಖಾತರಿಯಾಗಿ. ಆದರೆ ಒಬ್ಬನಿಗೆ ಖಾತರಿಯಾದ ಪದ ಮತ್ತೊಬ್ಬನಿಗೆ ಮುಚ್ಚಿದ ಬಾಗಿಲಾಗಿತ್ತು ಎಂಬುದನ್ನು ಇಲ್ಲಿಯೇ ಹೇಳಬೇಕು.

೩

ಮೊದಲನೆಯ ಬಿಕ್ಕಟ್ಟು ಅಕ್ಕಿಯದು. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಅದುವರೆಗೆ ದಕ್ಷಿಣ ಭಾರತದ ಬಂದರುಗಳಿಗೆ ಕಡಲ ಮೇಲೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಘೋರ ಕ್ಷಾಮ. ಮುಂಬಯಿಯಲ್ಲಿ ೧೯೪೩ರ ಮೇ ತಿಂಗಳಲ್ಲಿ ಪಡಿತರ ಜಾರಿಗೆ ಬಂದಿತು. ಉಳಿದ ಪಟ್ಟಣಗಳೂ ಆ ದಾರಿಯನ್ನು ಹಿಡಿದವು. ಇಡ್ಲಿ, ದೋಸೆ, ಅನ್ನ ಈ ಮೂರರ ಮೇಲೆಯೇ ನಿಂತಿದ್ದ ಹೋಟೆಲುಗಳಿಗೆ ಇದು ಸಣ್ಣ ಪೆಟ್ಟಲ್ಲ. ವಾಡಿಕೆಯ ಇಡ್ಲಿಗೆ ಒಂದು ಪಾಲು ಉದ್ದಾದರೆ ಅಕ್ಕಿ ಎರಡರಿಂದ ನಾಲ್ಕು ಪಾಲು ಬೇಕು.

ಈ ಸಂದರ್ಭದಲ್ಲಿ ಮಯ್ಯರ ಅಡಿಗೆಮನೆಯಲ್ಲಿ ಅಕ್ಕಿಯ ಬದಲು ಗೋಧಿಯ ರವೆಯಿಂದ ಇಡ್ಲಿಯನ್ನು ಮಾಡುವ ಪ್ರಯೋಗ ನಡೆದು ರವೆ ಇಡ್ಲಿ ಹುಟ್ಟಿತೆಂಬುದು ಆ ಸಂಸ್ಥೆಯವರ ಪರಂಪರಾಗತ ಹೇಳಿಕೆ. ಉದ್ಯಮಗಳು ತಮ್ಮ ಮೂಲವನ್ನು ಕುರಿತು ಹೇಳಿಕೊಳ್ಳುವ ಕಥೆಗಳನ್ನು ಎಚ್ಚರಿಕೆಯಿಂದ ನೋಡಬೇಕಾದುದು ನ್ಯಾಯವೇ. ಆದರೂ ಈ ಹೇಳಿಕೆಗೂ ಆ ಕಾಲದ ಧಾನ್ಯಸ್ಥಿತಿಗೂ ಹೊಂದಾಣಿಕೆ ಇರುವುದರಿಂದ ಅದನ್ನು ಒಪ್ಪಲು ಅಡ್ಡಿ ತೋರುವುದಿಲ್ಲ.

ಅಕ್ಕಿಯಿಲ್ಲದ ಇಡ್ಲಿ ಸಂಪ್ರದಾಯಕ್ಕೆ ವಿರುದ್ಧವಲ್ಲವೆ ಎಂದು ಕೇಳಬಹುದು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಉತ್ತರ ತಿಳಿದದ್ದೇ. ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ, ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿಯೂ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿಯೂ ಅದನ್ನು ಮಾಡುವ ಬಗೆಯಿದೆ. ಅಲ್ಲಿ ಕಾಣುವುದು ಉದ್ದಿನ ಭಕ್ಷ್ಯವೇ ಹೊರತು ಅಕ್ಕಿ ಉದ್ದುಗಳ ಮಿಶ್ರಣವಲ್ಲ. ಎಂದಮೇಲೆ ಅಕ್ಕಿಯೂ ಒಂದು ಕಾಲದಲ್ಲಿ ಬಂದು ಸೇರಿದ ಧಾನ್ಯವೇ. ಸಂಪ್ರದಾಯವೆಂದು ನಾವು ಕರೆಯುವುದರಲ್ಲಿ ಹಿಂದಿನವರ ಎಷ್ಟೋ ಹೊಂದಾಣಿಕೆಗಳು ಅಡಗಿರುತ್ತವೆ.

ರವೆ ಇಡ್ಲಿಯ ಮಹತ್ವವನ್ನು ಅದರ ರುಚಿಗಿಂತ ಅದರ ವಿಧಾನದಲ್ಲಿ ಕಾಣಬೇಕು. ವಾಡಿಕೆಯ ಇಡ್ಲಿಗೆ ಧಾನ್ಯವನ್ನು ನೆನೆಯಿಡಬೇಕು, ಒರಳಿನಲ್ಲಿ ರುಬ್ಬಬೇಕು, ರಾತ್ರಿಯೆಲ್ಲ ಹುದುಗಲು ಬಿಡಬೇಕು. ಮರುದಿನ ಎಷ್ಟು ಜನ ಬರುವರೆಂಬುದನ್ನು ಹಿಂದಿನ ದಿನವೇ ಊಹಿಸಬೇಕು. ಊಹೆ ತಪ್ಪಿದರೆ ಹಿಟ್ಟು ಹುಳಿಯುತ್ತದೆ. ಹುರಿದ ರವೆಗೆ ಮೊಸರನ್ನೂ ಸೋಡವನ್ನೂ ಸೇರಿಸುವ ವಿಧಾನದಲ್ಲಿ ಇವೊಂದೂ ಇಲ್ಲ. ರುಬ್ಬುವ ಆಳಿನ ಕೂಲಿ ಉಳಿಯಿತು; ಒಂದು ರಾತ್ರಿಯ ಕಾಲ ಉಳಿಯಿತು; ಬೇಡಿಕೆಯನ್ನು ನೋಡಿಕೊಂಡು ಕಲಸುವ ಅವಕಾಶ ದೊರೆಯಿತು. ಎಲ್ಲಕ್ಕಿಂತ ಮಿಗಿಲಾಗಿ, ಕಲಸುವುದಕ್ಕೆ ಮುಂಚಿನ ಮಿಶ್ರಣ ಒಣಗಿದ್ದು, ಕೆಡದೆ ಇರತಕ್ಕದ್ದಾಗಿತ್ತು. ಈ ಕೊನೆಯ ಗುಣದ ಬೆಲೆ ೧೯೪೨ರಲ್ಲಿ ಯಾರಿಗೂ ಕಾಣುವಂತಿರಲಿಲ್ಲ. ಅದು ಕಂಡದ್ದು ಮೂರು ದಶಕಗಳ ಮೇಲೆ.

ಅಭಾವದ ಆ ವರ್ಷಗಳಲ್ಲಿಯೇ ಹೊಸ ಹೋಟೆಲುಗಳು ಹುಟ್ಟಿದುದೂ ಗಮನಾರ್ಹ. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾದದ್ದು ೧೯೪೨ರಲ್ಲಿ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಆರಂಭವಾದದ್ದು ೧೯೪೩ರಲ್ಲಿ. ಯುದ್ಧ ಧಾನ್ಯವನ್ನು ಕಿತ್ತುಕೊಂಡಿತು; ಆದರೆ ಕಾರ್ಖಾನೆ ಕಚೇರಿಗಳನ್ನು ಬೆಳೆಸಿ ಪಟ್ಟಣಕ್ಕೆ ಒಂಟಿ ಗಂಡಸರನ್ನು ತಂದು ತುಂಬಿತು. ಬಿಕ್ಕಟ್ಟು ಸರಕನ್ನು ಕುಗ್ಗಿಸಿದಂತೆಯೇ ಗಿರಾಕಿಯನ್ನು ಹೆಚ್ಚಿಸಿತು.

೪

ಎರಡನೆಯ ಬಿಕ್ಕಟ್ಟು ಹೆಸರಿನದು. ಇದನ್ನು ಬಿಕ್ಕಟ್ಟೆಂದು ಕರೆಯುವುದು ಮಾಲಿಕರ ದೃಷ್ಟಿಯಿಂದ. ಬಾಗಿಲ ಹೊರಗೆ ನಿಂತಿದ್ದವರ ದೃಷ್ಟಿಯಿಂದ ಅದು ಬಹಳ ತಡವಾಗಿ ದೊರೆತ ನ್ಯಾಯ. ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನ ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಅಡ್ಡಿ ಮಾಡಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ಹದಿನೇಳನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಇದನ್ನು ಮೀರಿದವರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ೧೯೫೭ರಲ್ಲಿ ಮದರಾಸಿನಲ್ಲಿ ಪೆರಿಯಾರರ ಅನುಯಾಯಿಗಳು ಹೋಟೆಲಿನ ಹಲಗೆಗಳಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಬೇಕೆಂದು ಚಳವಳಿಯನ್ನೇ ಹೂಡಿದರು.

ಖಾತರಿಯಾಗಿದ್ದ ಪದ ಹೀಗೆ ಹೊರೆಯಾಯಿತು. ಅದನ್ನು ತೆಗೆದುಹಾಕುವುದು ಸುಲಭ. ಅದರ ಸ್ಥಾನದಲ್ಲಿ ಏನನ್ನು ಇಡಬೇಕು ಎಂಬುದೇ ಕಷ್ಟದ ಪ್ರಶ್ನೆ. ಇದಕ್ಕೆ ಮಯ್ಯರ ಸಂಸ್ಥೆಯಲ್ಲಿ ದೊರೆತ ಪರಿಹಾರ ಬೋಧಪ್ರದವಾಗಿದೆ. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಹಬೆಯಿಂದ ಶುದ್ಧಮಾಡುವುದು, ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಲು ಬಿಡುವುದು ಇಂಥ ಕ್ರಮಗಳು ಅವರ ಹೋಟೆಲಿನ ಲಕ್ಷಣಗಳಾದವು. ೧೯೬೦ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ಸಂಸ್ಥೆಯ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು.

ಇಲ್ಲಿ ನಡೆದದ್ದು ಕೇವಲ ನಾಮಾಂತರವಲ್ಲ. ಅಡುಗೆಯನ್ನು ಯಾರು ಮಾಡಿದರು ಎಂದು ಕೇಳುತ್ತಿದ್ದ ಗಿರಾಕಿಗೆ ಅಡುಗೆಯನ್ನು ಹೇಗೆ ಮಾಡಿದರು ಎಂದು ನೋಡುವ ಅಭ್ಯಾಸವನ್ನು ಕಲಿಸಿದಂತಾಯಿತು. ಮಡಿಯ ಸ್ಥಾನದಲ್ಲಿ ನೈರ್ಮಲ್ಯ ನಿಂತಿತು. ಮಡಿ ಹುಟ್ಟಿನಿಂದ ಬರತಕ್ಕದ್ದು. ನೈರ್ಮಲ್ಯ ಅಭ್ಯಾಸದಿಂದ ಬರತಕ್ಕದ್ದು. ಮೊದಲನೆಯದು ಕೆಲವರ ಸೊತ್ತು, ಎರಡನೆಯದನ್ನು ಯಾರು ಬೇಕಾದರೂ ಕಲಿಯಬಹುದು. ಕರಾವಳಿಯ ಬಂಟರೂ ಇತರ ಸಮಾಜಗಳವರೂ ಉಡುಪಿ ಹೋಟೆಲಿನ ಮಾಲಿಕರಾಗಿ ಮುಂಬಯಿ ಮೊದಲಾದೆಡೆಗಳಲ್ಲಿ ನೆಲೆಯೂರಿದುದಕ್ಕೆ ಈ ಪರಿವರ್ತನೆ ದಾರಿಯನ್ನು ಹಸನುಮಾಡಿತೆಂದು ನಾವು ತಿಳಿಯುತ್ತೇವೆ. ‘ಉಡುಪಿ’ ಎಂಬುದು ಜಾತಿಯ ಸೂಚನೆಯಾಗಿ ಉಳಿಯದೆ ಒಂದು ಬಗೆಯ ಅಡುಗೆಯ, ಒಂದು ಬಗೆಯ ಬೆಲೆಯ ಸೂಚನೆಯಾಯಿತು.

ಆದರೆ ಊರಿನ ಹೆಸರೂ ನಿರಪಾಯವಾದುದಲ್ಲ. ೧೯೬೬ರಲ್ಲಿ ಶಿವಸೇನೆ ಸ್ಥಾಪಿತವಾದ ಮೇಲಿನ ವರ್ಷಗಳಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳು ದಕ್ಷಿಣದವರವೆಂಬ ಕಾರಣದಿಂದಲೇ ದಾಳಿಗೆ ಗುರಿಯಾದವು. ಆದರೂ ಉದ್ಯಮ ಆ ನಗರವನ್ನು ಬಿಡಲಿಲ್ಲ. ಕಾಲಕ್ರಮದಲ್ಲಿ ಅಲ್ಲಿಯ ಹೋಟೆಲುಗಳ ಪಟ್ಟಿಯಲ್ಲಿ ಇಡ್ಲಿ ದೋಸೆಗಳ ಪಕ್ಕದಲ್ಲಿ ಪಾವ್ ಭಾಜಿ, ಪಂಜಾಬಿ ಪಲ್ಯ, ಚೀನೀ ಅಡುಗೆ ಇವೂ ಸೇರಿದವು. ನೆಲೆಸಿದ ಊರಿನ ನಾಲಗೆಯನ್ನು ತಿಳಿಯುವುದು ವ್ಯಾಪಾರವೂ ಹೌದು, ಆತ್ಮರಕ್ಷಣೆಯೂ ಹೌದು.

೫

ಮೂರನೆಯ ಬಿಕ್ಕಟ್ಟು ಬೆಲೆಯದು. ೧೯೭೫ರ ಜೂನ್ ತಿಂಗಳಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಹೋಟೆಲಿನ ತಿಂಡಿಗಳನ್ನು ಅತಿ ಕಡಿಮೆ ಬೆಲೆಗೆ ಮಾರಬೇಕೆಂಬ ನಿಯಂತ್ರಣ ಬಂದಿತು. ಸಣ್ಣ ವ್ಯಾಪಾರಿಗೆ ಇಂಥಲ್ಲಿ ಎರಡು ದಾರಿಗಳು ಕಾಣುತ್ತವೆ: ಪದಾರ್ಥದ ಗುಣವನ್ನು ಇಳಿಸುವುದು, ಇಲ್ಲವೆ ನಷ್ಟದಲ್ಲಿ ನಡೆಸುವುದು. ತುಪ್ಪದ ಬದಲು ಅಗ್ಗದ ಎಣ್ಣೆ, ಕಾಫಿಗೆ ಹೆಚ್ಚಿನ ಚಿಕೋರಿ, ಅಂಗೈಯಗಲದ ಇಡ್ಲಿಗೆ ನಾಣ್ಯದಗಲ, ಇವು ಮೊದಲನೆಯ ದಾರಿಯ ಮೈಲಿಗಲ್ಲುಗಳು. ಎರಡನೆಯ ದಾರಿ ಬಹಳ ದೂರ ಹೋಗುವುದಿಲ್ಲ.

ಮಾವಳ್ಳಿಯ ಸಂಸ್ಥೆ ಹಿಡಿದದ್ದು ಮೂರನೆಯ ದಾರಿ. ಅದು ಊಟದ ಮನೆಯನ್ನೇ ಮುಚ್ಚಿ ಸಾರಿನ ಪುಡಿ, ಮಸಾಲೆ ಪುಡಿ, ತಿಂಡಿಯ ಸಿದ್ಧಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರಲು ತೊಡಗಿತು. ಮೊದಮೊದಲ ಪೊಟ್ಟಣಗಳಲ್ಲಿ ರವೆ ಇಡ್ಲಿಯ ಮಿಶ್ರಣವೂ ಒಂದು ಎಂಬುದು ನಮ್ಮ ವಿಚಾರಕ್ಕೆ ಮುಖ್ಯವಾದ ಅಂಶ. ಹುದುಗಿಸಿದ ಹಿಟ್ಟನ್ನು ಅಂದಿನ ಸ್ಥಿತಿಯಲ್ಲಿ ಪೊಟ್ಟಣಕ್ಕೆ ತುಂಬುವುದು ಸಾಧ್ಯವಿರಲಿಲ್ಲ. ಒಣರವೆಯ ಮಿಶ್ರಣವನ್ನು ತುಂಬಬಹುದಾಗಿತ್ತು. ಅಕ್ಕಿಯ ಅಭಾವಕ್ಕೆಂದು ಕಂಡುಕೊಂಡ ಉಪಾಯ ಬೆಲೆಯ ನಿರ್ಬಂಧದ ಕಾಲಕ್ಕೆ ಬಂಡವಾಳವಾಗಿ ಒದಗಿತು. ಜಾಣತನವೊಂದೇ ಸಾಲದ ಉತ್ತರವೆಂದು ನಾವು ಮೊದಲಲ್ಲಿ ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ೧೯೭೫ರಲ್ಲಿ ಜಾಣರಾಗಿದ್ದ ಮಾಲಿಕರು ಅನೇಕರಿದ್ದರು. ಪೊಟ್ಟಣಕ್ಕೆ ಹೊಂದುವ ತಿಂಡಿ ಕೈಯಲ್ಲಿದ್ದವರು ಕೆಲವರೇ.

ಪೊಟ್ಟಣವನ್ನು ಕೊಂಡವರು ಯಾರು? ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವಷ್ಟೆ. ಇವುಗಳ ಸುತ್ತ ಬೆಳೆದ ವಸತಿಗಳಲ್ಲಿ ಗೊತ್ತಾದ ಸಂಬಳ, ಗೊತ್ತಾದ ವೇಳೆ, ಚಿಕ್ಕ ಸಂಸಾರ ಇವು ಬಾಳಿನ ಕ್ರಮವಾದವು. ಹೆಂಗಸರೂ ಕೆಲಸಕ್ಕೆ ಹೋಗತೊಡಗಿದ ಮನೆಯಲ್ಲಿ ರುಬ್ಬುವುದಕ್ಕೆ ಅತ್ತೆಯೂ ಇಲ್ಲ, ಆಳೂ ಇಲ್ಲ, ಹೊತ್ತೂ ಇಲ್ಲ. ಒಂದು ತಲೆಮಾರಿನ ಹಿಂದೆ ಮನೆಯವರು ಹೋಟೆಲಿಗೆ ಬರಲು ಅಳುಕುತ್ತಿದ್ದರು. ಈಗ ಹೋಟೆಲೇ ಮನೆಯ ಅಡಿಗೆಕೋಣೆಗೆ ಬಂದು ಸೇರಿತು. ೧೯೮೦ರ ದಶಕದಲ್ಲಿ ಊಟದ ಮನೆ ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮ ಪ್ರತ್ಯೇಕವಾಗಿ ಬೆಳೆದು ೨೦೦೭ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯ ವಶಕ್ಕೆ ಹೋಯಿತು; ಊಟದ ಮನೆ ಮಯ್ಯರ ಮನೆತನದಲ್ಲಿಯೇ ಉಳಿಯಿತು. ಪರಿಹಾರವೆಂದು ಆರಂಭವಾದುದು ಮೂಲಕ್ಕಿಂತ ದೊಡ್ಡದಾಗಿ ಬೆಳೆದು ಬೇರೆಯವರ ಪಾಲಾದದ್ದು ಸಣ್ಣ ಉದ್ಯಮದ ಚರಿತ್ರೆಯಲ್ಲಿ ವಿಚಾರಾರ್ಹವಾದ ಪರಿಣಾಮ.

೬

ಇದುವರೆಗೆ ಮಾಲಿಕರ ಕಡೆಯಿಂದ ನೋಡಿದ್ದಾಯಿತು. ಬಡಿಸಿದವನ ಕಡೆಯಿಂದಲೂ ನೋಡದಿದ್ದರೆ ಈ ಚರಿತ್ರೆ ಅಪೂರ್ಣವಾಗುತ್ತದೆ. ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ಹುಡುಗನನ್ನು ಪ್ರೀತಿಯಿಂದ ‘ಮಾಣಿ’ ಎಂದು ಕರೆಯುವರು. ಹೋಟೆಲಿನಲ್ಲಿ ಅದೇ ಪದ ಬಡಿಸುವವನ ಹೆಸರಾಯಿತು. ಒಂದು ಪದದ ಈ ಅರ್ಥಾಂತರದಲ್ಲಿ ಉದ್ಯಮದ ಒಂದು ಗುಟ್ಟು ಅಡಗಿದೆ. ಊರಿನಿಂದ ಬಂದ ನೆಂಟರ ಮಕ್ಕಳು, ನೆರೆಯವರ ಮಕ್ಕಳು ಹೊಟ್ಟೆಯನ್ನಕ್ಕೂ ಅಲ್ಪ ಸಂಬಳಕ್ಕೂ ದುಡಿದು, ಮೇಜಿನ ಕೆಳಗೋ ಅಟ್ಟದ ಮೇಲೋ ಮಲಗಿ, ಹೋಟೆಲಿನ ಅಗ್ಗದ ಬೆಲೆಯನ್ನು ಸಾಧ್ಯಮಾಡಿದರು. ಧಾನ್ಯದ ಬೆಲೆ ಏರಿದಾಗ, ಸರ್ಕಾರ ತಿಂಡಿಯ ಬೆಲೆಯನ್ನು ಇಳಿಸಿದಾಗ, ಮೊದಲು ಹಿಗ್ಗಿದ್ದು ಅವರ ದುಡಿಮೆಯ ವೇಳೆ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು ಇದ್ದಾರೆ. ಮಾಣಿಯಾಗಿ ಸೇರಿ ಮಾಲಿಕರಾದವರೂ ಇದ್ದಾರೆ. ಅವರ ಏಳಿಗೆ ಸ್ಮರಣೀಯ. ಆದರೆ ಮೇಲೆ ಬಂದವರ ಸಂಖ್ಯೆಯಿಂದ ಕೆಳಗೆ ಉಳಿದವರ ಪಾಡನ್ನು ಅಳೆಯಲಾಗದು.

ಬೇರೊಂದು ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ವಹಿಸಿಕೊಂಡರು. ಅವುಗಳಲ್ಲಿ ಮೊದಲನೆಯದು ೧೯೫೭ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಅಲ್ಲಿ ಬಿಕ್ಕಟ್ಟು ಬಡಿಸುವವನನ್ನೇ ಒಡೆಯನನ್ನಾಗಿ ಮಾಡಿತು. ಉಡುಪಿ ಹೋಟೆಲು ನೆಂಟತನದ ನೆಲೆಯ ಮೇಲೆ ನಿಂತುದರಿಂದ ಈ ಮಾದರಿ ಅಲ್ಲಿ ಬೇರೂರಲಿಲ್ಲ.

ಬಡಿಸುವವರ ಕೊರತೆಯೂ ಬಾಡಿಗೆಯ ಏರಿಕೆಯೂ ಕೂಡಿ ಬಂದಾಗ ಉದ್ಯಮ ಮತ್ತೊಂದನ್ನು ಬಿಟ್ಟಿತು: ಕುರ್ಚಿಯನ್ನು. ೧೯೮೦ರ ದಶಕದಲ್ಲಿ ಬೆಂಗಳೂರಿನ ಜಯನಗರದಲ್ಲಿ ಕಾಣಿಸಿಕೊಂಡು ಬೇಗನೆ ಊರೆಲ್ಲ ಹಬ್ಬಿದ ‘ದರ್ಶಿನಿ’ಯಲ್ಲಿ ಗಿರಾಕಿ ಮೊದಲು ಹಣ ಕೊಟ್ಟು ಚೀಟಿ ಪಡೆಯುತ್ತಾನೆ, ತಟ್ಟೆಯನ್ನು ತಾನೇ ತರುತ್ತಾನೆ, ನಿಂತು ತಿನ್ನುತ್ತಾನೆ, ಹತ್ತು ನಿಮಿಷದಲ್ಲಿ ಹೊರಡುತ್ತಾನೆ. ಅಡಿಗೆಯವರು ಎದುರಿನಲ್ಲಿಯೇ ಕಾಣುತ್ತಾರೆ. ಮಾವಳ್ಳಿಯಲ್ಲಿ ಅಡಿಗೆಮನೆಯನ್ನು ನೋಡಲು ಬಿಟ್ಟದ್ದು ಮಡಿಗೆ ಬದಲಾದ ಖಾತರಿಯಾಗಿ. ಇಲ್ಲಿ ಅದೇ ಕ್ರಮ ಸ್ಥಳ ಉಳಿಸುವ ಉಪಾಯವೂ ಆಯಿತು. ಬಾಲಕಾರ್ಮಿಕರ ವಿಷಯದ ೧೯೮೬ರ ಅಧಿನಿಯಮದ ನಿಷೇಧ ೨೦೦೬ರಲ್ಲಿ ಹೋಟೆಲುಗಳಿಗೂ ವಿಸ್ತರಿಸಿದಾಗ ಮಾಣಿಯ ಕಾಲ ಕಾನೂನಿನ ಪ್ರಕಾರವೂ ಮುಗಿಯಿತು.

೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಹೋಟೆಲಿನೊಳಗೆ ಕುಳಿತಾಗಲಿ ನಿಂತಾಗಲಿ ತಿನ್ನುವುದು ನಿಂತುಹೋಯಿತು. ಜೂನ್ ತಿಂಗಳ ಎರಡನೆಯ ವಾರದವರೆಗೆ ಕಟ್ಟಿಕೊಡುವುದೊಂದೇ ಉಳಿದ ದಾರಿ. ಆಗ ನಿಭಾಯಿಸಿದವರು ಮುಖ್ಯವಾಗಿ ಕಡಿಮೆ ಆಳು, ಕಡಿಮೆ ಸ್ಥಳ, ಕಡಿಮೆ ಬಗೆಯ ತಿಂಡಿಗಳಿಂದ ನಡೆಯುವುದನ್ನು ಮೊದಲೇ ಕಲಿತಿದ್ದವರು. ದೊಡ್ಡ ಹಜಾರವೂ ಸಾಲವೂ ಇದ್ದವರ ಕಷ್ಟ ಹೆಚ್ಚಾಯಿತು. ಹಿಂದಿನ ಬಿಕ್ಕಟ್ಟು ಕಲಿಸಿದ ಪಾಠವೇ ಮುಂದಿನದಕ್ಕೆ ಒದಗುತ್ತದೆಂಬ ನಮ್ಮ ಮಾತಿಗೆ ಇದೂ ಒಂದು ಪುಷ್ಟಿ.

೭

ಇಷ್ಟರಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಉಡುಪಿ ಹೋಟೆಲು ಧಾನ್ಯವನ್ನು ಬಿಟ್ಟಿತು, ಜಾತಿಯ ಹಲಗೆಯನ್ನು ಬಿಟ್ಟಿತು, ಊಟದ ಮನೆಯನ್ನೇ ಕೆಲವು ಕಾಲ ಬಿಟ್ಟಿತು, ಕುರ್ಚಿಯನ್ನು ಬಿಟ್ಟಿತು. ಬಿಡುವ ಮುನ್ನ ಇವುಗಳಲ್ಲಿ ಪ್ರತಿಯೊಂದೂ ಹೋಟೆಲಿನ ಪ್ರಾಣವೆಂದೇ ತೋರುತ್ತಿತ್ತು. ಕೊನೆಯವರೆಗೆ ಉಳಿದದ್ದು ಎರಡು: ನೂರು ಜನಕ್ಕೆ ಒಂದೇ ಹದದಲ್ಲಿ ಮಾಡುವ ಅಡಿಗೆಮನೆಯ ಶಿಸ್ತು, ಸಾಮಾನ್ಯ ಸಂಬಳಗಾರನ ಕೈಗೆಟುಕುವ ಬೆಲೆ. ಇವೆರಡೂ ಮಠದ ಸಂತರ್ಪಣೆಯಿಂದ ಬಂದ ಗುಣಗಳೆಂಬುದನ್ನು ನೆನೆದರೆ, ಇಷ್ಟೆಲ್ಲ ಬದಲಾವಣೆಗಳ ಅಡಿಯಲ್ಲಿ ಹರಿದು ಬಂದ ಸಾತತ್ಯ ನಮಗೆ ಕಾಣುತ್ತದೆ.

ಉಳಿದ ಹೋಟೆಲುಗಳಿಂದಲೇ ಇಂಥ ನಿರ್ಣಯಗಳನ್ನು ಕಟ್ಟುವಾಗ, ಅದೇ ಬೀದಿಗಳಲ್ಲಿ ಮುಚ್ಚಿಹೋದವುಗಳನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ನೆಂಟರ ಸಾಲ, ಸ್ವಂತದ ಕಟ್ಟಡ, ನಂಬಿಕೆಯ ಅಡಿಗೆಯವನು ಇವಿಲ್ಲದವರಿಗೆ ಹೊಂದಿಕೊಳ್ಳಬೇಕೆಂಬ ಮನಸ್ಸಿದ್ದರೂ ಹೊಂದಿಕೊಳ್ಳುವಷ್ಟು ಕಾಲ ದೊರೆಯಲಿಲ್ಲ. ಇಂದು ಸಣ್ಣ ವ್ಯಾಪಾರಿಗಳಿಗೆ ಕಾಲಕ್ಕೆ ತಕ್ಕಂತೆ ಬದಲಾಗಿರೆಂದು ಉಪದೇಶಿಸುವವರು ಬಹಳ ಮಂದಿ. ಬದಲಾಗುವುದಕ್ಕೂ ಬಂಡವಾಳ ಬೇಕು, ಹಿಂದಿನ ತಲೆಮಾರು ಕೂಡಿಟ್ಟ ವಿದ್ಯೆ ಬೇಕು, ಅದರ ಭಾರವನ್ನು ಹೊರಲು ಯಾರಾದರೂ ಬೇಕು. ಹೊತ್ತವರ ಹೆಸರುಗಳು ಹೋಟೆಲುಗಳ ಹಲಗೆಯ ಮೇಲೆ ಇಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಹೋಟೆಲುಗಳ ಅಡಿಗೆಯವರನ್ನೂ ಬಡಿಸಿದವರನ್ನೂ ಕಂಡು, ಅವರು ಇರುವಾಗಲೇ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳುವ ಕಾರ್ಯವನ್ನು ಕೈಕೊಂಡರೆ ಈ ಚರಿತ್ರೆಯ ಉಳಿದರ್ಧವೂ ದೊರೆಯುವುದರಲ್ಲಿ ಸಂದೇಹವಿಲ್ಲ.